ಗಿರಣಿ ಕಟ್ಟೆಯ ಹೆರಿಂಗ್

ನಮ್ಮ ಟಿಲ್ಟನ್‌ಬರಿಯ ಊರಸಭೆ ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಶನಿವಾರ, ಶಾಲೆಯ ಜಿಮ್‌ನಲ್ಲಿ ಸೇರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಬಾಗಿಲಲ್ಲಿ ಒಂದು ಹಳದಿ ಕಾರ್ಡು ಇಸಿದುಕೊಂಡು ಒಳಗೆ ಹೋಗಿ ಕೂರುತ್ತಾರೆ. ಕಾರ್ಡು ಎತ್ತಿದರೆ ಮತ. ಮನೆಯಲ್ಲಿ ಕೂತವರಿಗೆ ಮತವೂ ಇಲ್ಲ, ಆಮೇಲೆ ಗೊಣಗುವ ಹಕ್ಕೂ ಇಲ್ಲ. ಗೊಣಗುತ್ತಾರೆ, ಆ ಮಾತು ಬೇರೆ. ನಾನು ಮತ್ತು ನನ್ನ ಗಂಡ ಗಿಲ್ ಬಾಗಿಲ ಪಕ್ಕದಲ್ಲಿ ಮೇಜು ಹಾಕಿಕೊಂಡು ಬೆಳಿಗ್ಗೆ ಕಾಫಿ, ಎಣ್ಣೆಯಲ್ಲಿ ಕರಿದ ಸಿಹಿ ಮಲಸಾಡಾ, ಮಧ್ಯಾಹ್ನಕ್ಕೆ ಚೌಡರ್ ಎಂಬ ಕಪ್ಪೆಚಿಪ್ಪಿನ ಗಟ್ಟಿ ಸಾರು ಮಾರುತ್ತೇವೆ. ಆ ಮೇಜಿನ ಹಿಂದೆ ನಿಂತರೆ ಇಡೀ ಊರು ಕಾಣುತ್ತದೆ. ಯಾರು ಯಾರ ಪಕ್ಕ ಕೂತರು, ಯಾರು ಯಾರನ್ನು ನೋಡಿ ಕುರ್ಚಿ ಬದಲಿಸಿದರು, ಎಲ್ಲ.

ಆ ವರ್ಷ ಎಲ್ಲರಿಗಿಂತ ಮೊದಲು ಬಂದವಳು ಡಲ್ಸಿ ಅಮರಾಲ್. ಶಾಲೆಯ ಬಸ್ಸು ಓಡಿಸುವವಳು, ಊರಿನ ಸಂರಕ್ಷಣಾ ಮಂಡಳಿಯ ಅಧ್ಯಕ್ಷೆ. ಈ ಎರಡನೆಯ ಕೆಲಸಕ್ಕೆ ಸಂಬಳ ಇಲ್ಲ, ಬೈಗುಳ ಮಾತ್ರ ಉಂಟು.

"ಇಲ್ಡಾ, ಕಾಫಿ ಕೊಡೇ. ಸಕ್ಕರೆ ನೀನೇ ಹಾಕು. ನನ್ನ ಕೈತುಂಬ ಭಾಷಣದ ಚೀಟಿ," ಎಂದಳು.

"ಮೀನು ಬಂದಿವೆಯಾ?"

"ಬಂದಿವೆ ಕಣೇ. ಇಷ್ಟು ಬಂದು ಯಾವ ಕಾಲ ಆಗಿತ್ತು! ಇವತ್ತು ಸೋತ್ರೆ ಅವಕ್ಕೆ ನಾನು ಹ್ಯಾಗೆ ಮುಖ ತೋರಿಸ್ಲಿ?"

"ಮೀನಿಗೆ ನಿನ್ನ ಮುಖ ಗುರ್ತು ಸಿಗುತ್ತೇನು?" ಎಂದ ಗಿಲ್.

"ನನ್ನ ಬಸ್ಸಿನ ಮಕ್ಕಳಿಗಿಂತ ಚೆನ್ನಾಗಿ ಸಿಗುತ್ತೆ."

ಅವಳ ಮಂಡಳಿ ಕೈಹಾಕಿದ್ದು ಒಂದೂ ನೆಟ್ಟಗಾಗಿರಲಿಲ್ಲ. ಕಾಡಿನೊಳಗಿನ ಕಪ್ಪೆ ಹೊಂಡಗಳ ಸುತ್ತ ಮರ ಕಡಿಯಬಾರದೆಂದರು, ಜನ ಕಡಿದರು. ಆಮೆಗಳು ರಸ್ತೆ ದಾಟುವಲ್ಲಿ ಎಚ್ಚರಿಕೆಯ ಹಲಗೆ ನೆಟ್ಟರು. ಅದು ಯಾವನೋ ಕಾಲೇಜು ಹುಡುಗನ ಕೋಣೆಯ ಗೋಡೆ ಸೇರಿತು. ಜೌಗುನೆಲಕ್ಕೆ ಮಣ್ಣು ಸುರಿದವನಿಗೆ ನೋಟಿಸು ಕೊಟ್ಟರು. ಅವನು ವಕೀಲನನ್ನು ಕರೆತಂದ, ಮಂಡಳಿಯೇ ಕ್ಷಮೆ ಕೇಳುವ ಹಾಗಾಯಿತು. ಹೀಗೆ ಒಂದೊಂದೇ ಕೈಬಿಟ್ಟು ಕೊನೆಗೆ ಉಳಿದದ್ದು ಹೆರಿಂಗ್.

ಹೆರಿಂಗ್ ಸಮುದ್ರದಲ್ಲಿ ಬದುಕುವ ಮೀನು. ವಸಂತಕ್ಕೆ ನಮ್ಮ ಹೊಳೆಯಲ್ಲಿ ಮೇಲೇರಿ, ಉದ್ದಕೆರೆ ಸೇರಿ, ಅಲ್ಲಿ ಮೊಟ್ಟೆಯಿಡುತ್ತದೆ. ಹುಟ್ಟಿದ ಹೊಳೆಗೇ ಬರುತ್ತದೆ, ಇನ್ನೊಂದು ಹೊಳೆ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಬೇಡ. ನಡುವೆ ಇರುವುದು ಗಿರಣಿ ಕಟ್ಟೆ. ಗಿರಣಿ ಮುಚ್ಚಿದ್ದು ನಮ್ಮ ಅಮ್ಮಂದಿರ ಕಾಲದಲ್ಲಿ. ಕಟ್ಟೆ ಉಳಿದಿದೆ, ಕಟ್ಟೆಯ ಹಿಂದೆ ನಿಂತ ನೀರು ಗಿರಣಿ ಕೆರೆಯಾಗಿದೆ, ಕೆರೆಯ ದಂಡೆಗೆ ಚೆಂದದ ಮನೆಗಳಾಗಿವೆ. ಮೀನು ಹತ್ತಲೆಂದು ಕಟ್ಟೆಯ ಪಕ್ಕ ಮರದ ಏಣಿಯೊಂದನ್ನು ಕಟ್ಟಿದ್ದರು: ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತದೆ, ಮೀನು ಒಂದೊಂದೇ ಮೆಟ್ಟಿಲು ನೆಗೆದು ಹತ್ತುತ್ತದೆ. ಆ ಮರ ಬೆರಳಲ್ಲಿ ಒತ್ತಿದರೆ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಏಣಿ ರಿಪೇರಿಗೆ ಕೇಳಿದರೆ ರಾಜ್ಯ ಸರಕಾರದವರು, "ಏಣಿ ಯಾಕೆ? ಕಟ್ಟೆಯನ್ನೇ ತೆಗೀರಿ, ಖರ್ಚು ನಾವು ಕೊಡ್ತೀವಿ, ಆದರೆ ಈ ಜೂನ್‌ನೊಳಗೆ ಊರು ಒಪ್ಪಬೇಕು" ಎಂದಿದ್ದರು. ಕಟ್ಟೆಯ ಜಾಗವನ್ನು ಊರು ತನ್ನ ಹೆಸರಿಗೆ ಮಾಡಿಕೊಳ್ಳಬೇಕಾದ್ದರಿಂದ ಅರ್ಧ ಮತ ಸಾಲದು, ಮೂರರಲ್ಲಿ ಎರಡು ಪಾಲು ಬೇಕು.

ಕಟ್ಟೆ ಉಳಿಯಬೇಕೆನ್ನುವವರ ಮುಂದಾಳು ವಾರನ್ ಟ್ರಿಪ್. ಡಲ್ಸಿಯ ಜೊತೆಗೇ ಶಾಲೆ ಕಲಿತವನು. ಕೆರೆಯಂಚಿನಲ್ಲೇ ಮನೆ. ಮೇಜಿನ ಹತ್ತಿರ ಬಂದವನೇ ಶುರುಮಾಡಿದ.

"ಏನೇ ಡಲ್ಸಿ, ಇವತ್ತು ಮೀನಿಗೆ ಪಟ್ಟಾಭಿಷೇಕನಾ?"

"ಪಟ್ಟ ನೀನೇ ಇಟ್ಕೋ ಮಾರಾಯ. ಅವಕ್ಕೆ ದಾರಿ ಬಿಟ್ರೆ ಸಾಕು."

"ನನ್ನ ಕೆರೇಲಿ ಆಮೆ ಇವೆ, ಹಂಸ ಇವೆ, ನೀರುನಾಯಿ ಬರುತ್ತೆ. ಅವೆಲ್ಲ ನಿನ್ನ ಮಂಡಳಿ ಲೆಕ್ಕದಲ್ಲಿ ಜೀವ ಅಲ್ವಾ?"

"ಆಮೆ ಹೊಳೇಲೂ ಬದುಕುತ್ತೆ ವಾರನ್. ಹೆರಿಂಗ್ ಗೋಡೆ ಹತ್ತಲ್ಲ."

"ನನ್ನ ಮಕ್ಕಳು ಈಜು ಕಲಿತಿದ್ದು ಆ ಕೆರೇಲಿ," ಎಂದ ಅವನು, ಈ ಸಲ ನಗದೆ. ಎರಡು ಮಲಸಾಡಾ ತೆಗೆದುಕೊಂಡು ಒಳಗೆ ಹೋದ.

ಸಭೆ ಶುರುವಾಯಿತು. ಸಭಾಪತಿ ಹಾಲಿಸ್ ವಿಂಗ್ ನಿಯಮದ ಮನುಷ್ಯ. ಅವನ ಮನೆ ನಾಯಿ ಕೂಡ ಅನುಮತಿ ಕೇಳಿ ಬೊಗಳುತ್ತದೆ ಎಂದು ನಾವು ನಗುತ್ತಿದ್ದೆವು. ಅಗ್ನಿಶಾಮಕದವರ ಹೊಸ ಗಾಡಿಯ ಮೇಲೆ ಜಗಳ ನಡೆಯಿತು. ಹೆಂಗಸರು ಹೆಣಿಗೆ ತೆಗೆದರು. ಡಲ್ಸಿಯ ಕಡೆಯವರೆಲ್ಲ ಎಡಗಡೆ ಒಟ್ಟಾಗಿ ಕೂತಿದ್ದರು. ಪ್ರತಿ ವಸಂತದಲ್ಲೂ ಹೊಳೆಯ ದಂಡೆಯಲ್ಲಿ ಕೂತು ಮೀನು ಎಣಿಸುವವರು, ಏಣಿಯಲ್ಲಿ ಸಿಕ್ಕಿಕೊಂಡ ಕಸ ತೆಗೆಯುವವರು. ಬಲಗಡೆ ಕೆರೆಯವರು. ನಡುವೆ ಯಾವ ಕಡೆಗೂ ಸೇರದ ಜನ. ಅವರಲ್ಲಿ ಹೆಚ್ಚಿನವರಿಗೆ ಮಧ್ಯಾಹ್ನ ಮಕ್ಕಳ ಬೇಸ್‌ಬಾಲ್ ಆಟಕ್ಕೆ ಹೋಗುವ ಅವಸರ.

ಆ ಹೊತ್ತಿಗೆ ನಾರ್ಮ್ ಕಶ್‌ಮನ್ ಬಾಗಿಲಲ್ಲಿ ಬಂದು ನಿಂತ. ಹೆರಿಂಗ್ ಕಾವಲಿನಲ್ಲಿ ಡಲ್ಸಿಯ ಬಲಗೈ ಅವನು. ಎದೆಯವರೆಗಿನ ರಬ್ಬರ್ ದಿರಿಸಿನಿಂದ ನೀರು ಸುರಿಯುತ್ತಿತ್ತು. ಕಾರ್ಡು ಕೊಡುವ ಹೆಂಗಸು ಕಿರುಚಿದಳು, "ನಾರ್ಮ್! ನೆಲಕ್ಕೆ ಮೇಣ ಹಾಕ್ಸಿ ಒಂದು ವಾರ ಆಗಿಲ್ಲ ಕಣೋ!" ಅವನು ಅವಳತ್ತ ನೋಡಲೇ ಇಲ್ಲ.

"ಇಲ್ಡಾ, ಡಲ್ಸಿನ ಕರಿ."

ನಾನು ಹೋಗಿ ಅವಳ ತೋಳು ಮುಟ್ಟಿದೆ. ನನ್ನ ಮುಖ ನೋಡಿಯೇ ಎದ್ದು ಬಂದಳು.

"ಏಣಿ ಹೋಯ್ತು," ಎಂದ ನಾರ್ಮ್.

"ಹೋಯ್ತು ಅಂದ್ರೆ?"

"ಎಡಗಡೆ ಹಲಗೆ ಗೋಡೆ ಪೂರ್ತಿ ಕಿತ್ಕೊಂಡು ಹೋಯ್ತು. ನೀರೆಲ್ಲ ಪಕ್ಕಕ್ಕೆ ಸುರೀತಿದೆ, ಏಣಿ ಒಣಗಿದೆ. ಮೀನೆಲ್ಲ ಕೆಳಗಿನ ಗುಂಡೀಲಿ ಸಿಕ್ಕಿಹಾಕ್ಕೊಂಡಿವೆ. ಬಿಸಿಲು ಬೇರೆ. ಗುಂಡೀಲಿ ನೀರಿಗಿಂತ ಮೀನು ಜಾಸ್ತಿ. ಬಾಯಿ ಮೇಲೆ ಮಾಡ್ತಿವೆ ಡಲ್ಸಿ."

ಬಾಯಿ ಮೇಲೆ ಮಾಡಿದವೆಂದರೆ ಉಸಿರಿಗೆ ಒದ್ದಾಡುತ್ತಿವೆ ಎಂದು. ಡಲ್ಸಿ ಗೋಡೆಗೆ ಕೈ ಊರಿದಳು.

"ಅಲ್ಲಿ ಯಾರಿದಾರೆ?"

"ಫಿಲಿಸ್ ಒಬ್ಳೇ."

"ಯಾವ ಫಿಲಿಸ್?"

"ವಾರನ್ ಹೆಂಡ್ತಿ. ಕಿಟಕಿಯಿಂದ ನೋಡಿದಾಳೆ. ಬಟ್ಟೆ ಒಗೆಯೋ ಬಕೆಟ್ ತಗೊಂಡು ಮೊಣಕಾಲು ನೀರಲ್ಲಿ ನಿಂತಿದಾಳೆ. ಒಂದೊಂದೇ ಎತ್ತಿ ಕಟ್ಟೆ ಮೇಲಕ್ಕೆ ಹೊರ್ತಿದಾಳೆ."

"ಅಲ್ಲಿಗೆ ಕೆರೆಯೋರಿಗೆ ಒಂದು ಮತ ಕಮ್ಮಿ," ಎಂದ ಗಿಲ್.

ಡಲ್ಸಿ ವೇದಿಕೆಯ ಬದಿಗೆ ಹೋಗಿ ಸಭಾಪತಿಯ ಕಿವಿಯಲ್ಲಿ ಏನೋ ಕೇಳಿ ಬಂದಳು. "ಶಾಲೆ ಚಾವಣಿ ವಿಷಯ ಇನ್ನೂ ಬಾಕಿ ಇದೆ, ಅದೊಂದೇ ಊಟದ ತನಕ ಎಳೆಯುತ್ತೆ, ನಮ್ಮದು ಊಟ ಆದ್ಮೇಲೇನೇ ಅಂದ ಹಾಲಿಸ್," ಎಂದಳು. ಹಾಗೆಂದೇ ಎರಡೂ ಕಡೆಯವರು ತಂತಮ್ಮ ಜನಕ್ಕೆ ಹೇಳಿಯೂ ಇದ್ದರು: ಬೆಳಿಗ್ಗೆ ಬರಲಾಗದಿದ್ದರೆ ಊಟವಾದ ಮೇಲಾದರೂ ಬನ್ನಿ, ಕಟ್ಟೆಯ ಮಾತು ಆಗಲೇ ಬರುವುದು.

ಅವಳು ಎಡಗಡೆಯ ಸಾಲುಗಳಲ್ಲಿ ಬಗ್ಗಿ ಬಗ್ಗಿ ಪಿಸುಗುಟ್ಟುತ್ತ ಹೋದಳು. "ಪಿಕಪ್ ಇರೋರು, ತೊಟ್ಟಿ ಇರೋರು ಮಾತ್ರ ಹೋಗಿ. ಬೇರೆಯೋರು ಅಲ್ಲಾಡಬೇಡಿ."

ಆದರೆ ನಾರ್ಮ್ ಬಾಗಿಲಲ್ಲೇ ನಿಂತಿದ್ದ. ಅವನ ರಬ್ಬರ್ ದಿರಿಸಿಗೆ ಬೆಳ್ಳಿಯ ಚುಕ್ಕೆಗಳಂತೆ ಮೀನಿನ ಹುರುಪೆ ಅಂಟಿತ್ತು. ಅದನ್ನು ನೋಡಿದ ಮೇಲೆ ಆ ಜನ ಹೇಗೆ ಕೂರುತ್ತಾರೆ? ಮೊದಲು ಇಬ್ಬರು ಎದ್ದರು, ಆಮೇಲೆ ಒಂದು ಸಾಲು, ಆಮೇಲೆ ಅದರ ಹಿಂದಿನ ಸಾಲು.

"ಕೂತ್ಕೊಳ್ಳಿ! ಹಿಂದಿನ ಸೀಟಿನೋರು ಕೂತ್ಕೊಳ್ಳಿ!" ಎಂದಳು ಡಲ್ಸಿ, ಬಸ್ಸಿನಲ್ಲಿ ಕನ್ನಡಿ ನೋಡಿಕೊಂಡು ಗದರುವ ಅದೇ ದನಿಯಲ್ಲಿ. ಅವರಲ್ಲಿ ಅರ್ಧ ಜನ ಚಿಕ್ಕವರಿದ್ದಾಗ ಆ ದನಿಗೆ ಬೆಚ್ಚಿ ಕೂತವರೇ. ಈಗ ಕೂರಲಿಲ್ಲ.

"ಊಟದ ಹೊತ್ತಿಗೆ ಬಂದ್ಬಿಡ್ತೀವಿ ಡಲ್ಸಿ. ಜಾಗ ಹಿಡಿದಿರು," ಎಂದು ಕುರ್ಚಿಗಳ ಮೇಲೆ ಜಾಕೆಟ್ಟುಗಳನ್ನು ಹಾಸಿ ಹೊರಟರು. ಅವಳು ಹೋಗುವ ಹಾಗಿರಲಿಲ್ಲ. ವಿಷಯ ಮಂಡಿಸಬೇಕಾದವಳು ಅವಳೇ. ಬಾಗಿಲಲ್ಲಿ ನಿಂತು ಪಿಕಪ್‌ಗಳು ಹೋಗುವುದನ್ನು ನೋಡಿದಳು. ಅವಳ ಎರಡು ಕೈಗಳೂ ಬಕೆಟ್ ಹಿಡಿದವರ ಹಾಗೆ ಮುಷ್ಟಿಯಾಗಿದ್ದವು.

ಆಮೇಲೆ ನಡೆದದ್ದು ಯಾರ ಕುತಂತ್ರವೂ ಅಲ್ಲ. ಚಾವಣಿಯ ವಿಷಯ ಬಂತು. ಶಾಲೆಯ ಸಮಿತಿಯವನು ಎದ್ದು, ಅಂದಾಜು ಇನ್ನೂ ತಯಾರಿಲ್ಲ, ಈ ವರ್ಷ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಕೂತುಬಿಟ್ಟ. ಅದರ ಹಿಂದಿದ್ದ ಕಟ್ಟಡ ನಿಯಮದ ವಿಷಯಗಳನ್ನೂ ಹಾಗೆಯೇ ಒಂದರ ಹಿಂದೊಂದು ಹಿಂದಕ್ಕೆ ತೆಗೆದುಕೊಂಡರು. ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು. ಹಾಲಿಸ್ ವಿಂಗ್ ಹಾಳೆ ತಿರುಗಿಸಿ, "ಮುಂದಿನದು ಗಿರಣಿ ಕಟ್ಟೆ," ಎಂದ.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಮೇಜಿನ ಮೇಲೆ ಉರುಳಿತು.

"ಗಿಲ್, ಓಡು! ಎಲ್ರನ್ನೂ ಕರ್ಕೊಂಡು ಬಾ. ಬಿಟ್ಟುಬನ್ನಿ ಅನ್ನು, ಇದ್ದ ಹಾಗೇ ಬನ್ನಿ ಅನ್ನು!"

ಗಿಲ್ ಏಪ್ರನ್ ಸಮೇತ ಓಡಿದ. ನಾನು ಫೋನ್ ತೆಗೆದು ಒಬ್ಬೊಬ್ಬರಿಗೇ ಮಾಡತೊಡಗಿದೆ. ಮೊದಲನೆಯದು ರಿಂಗಾದದ್ದು ಸಭೆಯೊಳಗೇ, ಎಡಗಡೆಯ ಒಂದು ಜಾಕೆಟ್ಟಿನ ಜೇಬಿನಲ್ಲಿ. ಎರಡನೆಯದು ಅದರ ಪಕ್ಕದ ಕುರ್ಚಿಯಲ್ಲಿ. ಮೂರನೆಯದು ಹಿಂದಿನ ಸಾಲಿನಲ್ಲಿ. ಖಾಲಿ ಕುರ್ಚಿಗಳೆಲ್ಲ ಒಂದಾದಮೇಲೊಂದು ಹಾಡತೊಡಗಿದವು. ಜನ ನಕ್ಕರು.

"ಆ ಜಾಕೆಟ್‌ಗಳಿಗೆ ಮಾತಾಡೋಕೆ ಅನುಮತಿ ಕೊಟ್ಟಿಲ್ಲ," ಎಂದ ಸಭಾಪತಿ. ಇನ್ನಷ್ಟು ನಕ್ಕರು. ನಾನು ಫೋನ್ ಮುಚ್ಚಿ ಬಾಗಿಲಿನಿಂದ ಒಳಗೆ ಹೋಗಿ ಡಲ್ಸಿಯ ಪಕ್ಕ ಕೂತೆ.

ಅವಳು ಎದ್ದು, ಇದನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕೆಂದು ಕೇಳಿದಳು. ಕಾರಣವನ್ನೂ ಹೇಳಿದಳು. ವಾರನ್ ಎದ್ದ.

"ಸಭಾಪತಿಗಳೇ, ನಾವೂ ಬೆಳಿಗ್ಗೆಯಿಂದ ಕೂತಿದೀವಿ. ನಮ್ಮೋರೂ ಎಷ್ಟೋ ಜನ ಊಟ ಆದ್ಮೇಲೆ ಬರೋರಿದ್ರು, ಅವರೂ ಇಲ್ಲ. ಇರೋರು ಇದೀವಿ, ಮುಗಿಸೋಣ."

ನಡುವಿನವರು ಗಡಿಯಾರ ನೋಡಿದರು. ಕಾರ್ಡುಗಳು ಎದ್ದವು. ಮುಂದೂಡಲು ಸಭೆ ಒಪ್ಪಲಿಲ್ಲ.

ಆಗ ಡಲ್ಸಿ ಮೈಕಿನ ಮುಂದೆ ಹೋಗಿ ನಿಂತಳು.

"ನಾನು ಯಾಕೆ ನಿಂತಿದೀನಿ ಅಂತ ನಿಮಗೆಲ್ಲ ಗೊತ್ತು," ಎಂದಳು. "ನಮ್ಮೋರು ಬರೋ ತನಕ ಮಾತು ಎಳೆಯೋಕೆ. ಅಲ್ಲಿ ಕೂತು ನಗ್ತಿದೀಯಲ್ಲ ಡೇವ್, ನೀನು ಎರಡನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡಾಗ ನಾನು ನಗಲಿಲ್ಲ. ಈಗ ಸುಮ್ನೆ ಕೇಳು." ಸಭೆ ಘೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. "ಗುಂಡಿ ಕಡೆ ನೀವ್ಯಾರಾದ್ರೂ ಹೋಗಿ ನೋಡಿದೀರಾ? ಮೀನು ಬರುತ್ತೆ. ಗೋಡೆ ಅಡ್ಡ ಸಿಗುತ್ತೆ. ಮೂತೀಲಿ ಒಂದು ಕಲ್ಲು ಮುಟ್ಟಿ ನೋಡುತ್ತೆ. ದಾರಿ ಇಲ್ಲ. ಪಕ್ಕದ ಕಲ್ಲು ಮುಟ್ಟುತ್ತೆ. ಇಲ್ಲ. ಹಾಗೇ ಆ ತುದಿ ತನಕ ಹೋಗುತ್ತೆ, ಮತ್ತೆ ಈ ತುದಿಗೆ ಬರುತ್ತೆ. ಮೂತಿ ಕಿತ್ತು ರಕ್ತ ಬಂದ್ರೂ ಮುಟ್ಟೋದು ಬಿಡಲ್ಲ. ವಾಪಸ್ ಹೋಗಬೋದಲ್ಲ ಅಂತೀರಿ. ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ಎಲ್ಲಿಗೆ ಹೋಗುತ್ತೆ? ಗಿರಣಿ ಕೆಲಸ ನಿಲ್ಲಿಸಿ ಎಷ್ಟು ಕಾಲ ಆಯ್ತು. ಈ ಗೋಡೆ ಒಂದು ದಿನ ರಜೆ ತಗೊಂಡಿಲ್ಲ."

ಅವಳು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ನಮ್ಮ ಮಂಡಳಿ ಇಷ್ಟು ವರ್ಷ ಏನು ಮಾಡ್ತು ಅಂತ ಕೇಳ್ತೀರಿ. ಏನೂ ಮಾಡಲಿಲ್ಲ. ಕೇಳಿದ್ದೆಲ್ಲ ಕಳ್ಕೊಂಡ್ವಿ. ಇದೊಂದು ಕೊಡಿ. ಏಣಿ ಹೋಯ್ತು, ಇನ್ನು ಅದನ್ನ ಯಾರೂ ಕಟ್ಟಿಕೊಡಲ್ಲ. ಮುಂದಿನ ವರ್ಷ ಬರೋ ಮೀನಿಗೆ ನಾನು ಏನು ಹೇಳ್ಲಿ?"

ಸಭಾಪತಿ ಗಂಟೆ ಬಾರಿಸಿದ. ಮಾತಿನ ಹೊತ್ತು ಮುಗಿದಿತ್ತು.

ನಮ್ಮ ಮುಂದಿನ ಸಾಲಿನಲ್ಲಿ ಬೇಸ್‌ಬಾಲ್ ಟೋಪಿಯ ತಾಯಿಯೊಬ್ಬಳು ಹೆಣಿಗೆ ನಿಲ್ಲಿಸಿ ಕೂತಿದ್ದಳು. ಡೇವ್ ನೆಲ ನೋಡುತ್ತಿದ್ದ. ಡಲ್ಸಿ ಇದನ್ನೆಲ್ಲ ಗಮನಿಸಲಿಲ್ಲ. ಕುರ್ಚಿಗೆ ಬಂದು ಕೂತವಳು ಎಡಗಡೆಯ ಜಾಕೆಟ್ಟುಗಳನ್ನೇ ನೋಡುತ್ತಿದ್ದಳು.

"ಗಿಲ್ ಬಂದ್ನಾ?"

"ಇಲ್ಲ."

"ಸೋತ್ವಿ ಕಣೇ," ಎಂದಳು. ಮಡಿಲಿನ ಕಾರ್ಡನ್ನು ತಿರುಗಿಸಿ, "ನಾನು 'ಬೇಡ' ಅಂತ ಕಾರ್ಡ್ ಎತ್ತುತೀನಿ," ಎಂದಳು.

"ತಲೆ ಕೆಟ್ಟಿದೆಯಾ?"

"ಸೋತಿದ್ದನ್ನ ಮತ್ತೆ ಮತಕ್ಕೆ ಹಾಕಿ ಅಂತ ಕೇಳಬೇಕಾದ್ರೆ ಗೆದ್ದ ಕಡೆಯೋರೇ ಕೇಳಬೇಕು. ನಿಯಮ. ವಾರನ್ ಕೇಳ್ತಾನಾ? ಅವನ ಪಕ್ಕ ಕೂತಿರೋರು ಯಾರಾದ್ರೂ ಕೇಳ್ತಾರಾ? ನಾನು ಅವರ ಕಡೆ ಮತ ಹಾಕಿದ್ರೆ ನಾನೇ ಕೇಳಬೋದು. ಅಷ್ಟರಲ್ಲಿ ನಮ್ಮೋರು ಬಂದಿರ್ತಾರೆ."

ಈ ಉಪಾಯ ಊರಿಗೆ ಹೊಸದಲ್ಲ. ಹಿಂದೆ ಗ್ರಂಥಾಲಯದ ವಿಷಯದಲ್ಲಿ, ಕಸದ ಗಾಡಿಯ ವಿಷಯದಲ್ಲಿ ಬಲ್ಲವರು ಇದನ್ನೇ ಮಾಡಿ ಗೆದ್ದದ್ದುಂಟು.

"ಒಪ್ಪುವವರು," ಎಂದ ಹಾಲಿಸ್.

ನಾನು ಎತ್ತಿದೆ. ಸುತ್ತಮುತ್ತ ಹಳದಿ ಕಾರ್ಡುಗಳು ಎದ್ದವು. ಬೇಸ್‌ಬಾಲ್ ಟೋಪಿಯವಳೂ ಎತ್ತಿದಳು. ಡೇವ್ ಎತ್ತಿದ. ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೈಗಳು. ಡಲ್ಸಿಯ ಕಾರ್ಡು ಮಡಿಲಲ್ಲೇ ಇತ್ತು, ಅವಳ ಕಣ್ಣು ಮುಚ್ಚಿತ್ತು. "ಡಲ್ಸಿ, ಸುತ್ತ ನೋಡು," ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಎಣಿಸುವವರು ನಮ್ಮ ಸಾಲು ದಾಟಿ ಹೋದರು.

"ಒಪ್ಪದವರು."

ಡಲ್ಸಿ ಅಮರಾಲ್ ಕೈ ಎತ್ತಿದಳು. ಹಿಂದಿನಿಂದ ಯಾರೋ, "ಅಯ್ಯೋ, ಡಲ್ಸಿನಾ?" ಎಂದರು. ಬಲಗಡೆಯಿಂದ ವಾರನ್ ಕತ್ತು ತಿರುಗಿಸಿ ನೋಡಿದ. ನಗಲಿಲ್ಲ, ಅವನಿಗೂ ನಿಯಮ ಗೊತ್ತು.

ಎಣಿಸಿದ ಚೀಟಿಗಳು ಸಭಾಪತಿಯ ಕೈಸೇರಿದವು. ಅವನು ಕೂಡಿದ. ಮತ್ತೆ ಕೂಡಿದ. ಪಕ್ಕದವನಿಗೆ ತೋರಿಸಿದ.

"ಮೂರರಲ್ಲಿ ಎರಡು ಪಾಲಿಗೆ," ಎಂದು ಗಂಟಲು ಸರಿಮಾಡಿಕೊಂಡು, "ಒಂದು ಮತ ಕಡಿಮೆ. ವಿಷಯ ಬಿದ್ದಿದೆ."

ಲೆಕ್ಕ ಎಲ್ಲರಿಗೂ ಬರುತ್ತದೆ. ಒಬ್ಬೊಬ್ಬರಾಗಿ ತಲೆ ತಿರುಗಿಸಿ ಅವಳನ್ನು ನೋಡಿದರು. ಅವಳು ಮಡಿಲಿನ ಕಾರ್ಡನ್ನು ನೋಡುತ್ತಿದ್ದಳು. ಅವಳ ತುಟಿ ಬೆಳ್ಳಗಾಗಿತ್ತು.

ಆದರೂ ಎದ್ದಳು. ಮೈಕಿನ ತನಕ ಹೋಗಲಿಲ್ಲ, ನಿಂತಲ್ಲಿಂದಲೇ ಕೂಗಿದಳು. "ನಾನು ಗೆದ್ದ ಕಡೆ ಮತ ಹಾಕಿದೀನಿ! ಮರುಮತ ಕೇಳ್ತಿದೀನಿ!"

"ಕ್ರಮಬದ್ಧವಾಗಿದೆ," ಎಂದ ಹಾಲಿಸ್. "ಊಟದ ಹೊತ್ತಾಗಿದೆ. ಊಟ ಆದ ಕೂಡಲೇ ಮೊದಲು ಅದನ್ನೇ ತಗೊಳ್ಳೋಣ. ಮರುಮತ ಬೇಕೋ ಬೇಡವೋ ಅನ್ನೋದಕ್ಕೂ ಮೂರರಲ್ಲಿ ಎರಡು ಪಾಲು ಬೇಕು, ನೆನಪಿರಲಿ."

"ಈಗಲೇ ತಗೊಳ್ಳಿ ಅನ್ನೇ," ಎಂದು ನಾನು ಅವಳ ಅಂಗಿ ಎಳೆದೆ.

"ಬೇಡ. ನಮ್ಮೋರೂ ಬರಲಿ," ಎಂದಳು. ಮುಖಕ್ಕೆ ರಕ್ತ ಮರಳಿತ್ತು. "ಒಂದೇ ಮತ ಕಣೇ ಇಲ್ಡಾ! ಒಂದೇ! ನಡುವಿನೋರು ನಮ್ಮ ಕಡೆ ಬಂದಿದಾರೆ. ನಮ್ಮೋರೂ ಬಂದ್ರೆ ಇನ್ನೇನಿದೆ?"

ಊಟದ ಹೊತ್ತಿಡೀ ಅವಳು ನಿಂತಲ್ಲಿ ನಿಲ್ಲಲಿಲ್ಲ. ಬೇಸ್‌ಬಾಲ್ ಆಟಕ್ಕೆ ಹೊರಟವರ ತೋಳು ಹಿಡಿದು, "ಸ್ವಲ್ಪ ಇರಿ, ಐದು ನಿಮಿಷ, ನಾನೇ ಮಗೂನ ಬಸ್ಸಲ್ಲಿ ಮೈದಾನಕ್ಕೆ ಬಿಡ್ತೀನಿ," ಎಂದು ಬೇಡಿದಳು. ಕೆಲವರು ಉಳಿದರು. ಕೆಲವರು ತಲೆ ತಗ್ಗಿಸಿ ಕಾರು ಹತ್ತಿದರು. ನನ್ನ ಮೇಜಿನ ಹತ್ತಿರ ಚೌಡರ್ ಕುಡಿಯುತ್ತಿದ್ದ ವಾರನ್‌ನನ್ನೂ ಬಿಡಲಿಲ್ಲ.

"ನಿನ್ನ ಹೆಂಡ್ತಿ ಈಗ ಹೊಳೇಲಿದಾಳೆ, ಗೊತ್ತಾ?"

"ಗೊತ್ತಾಯ್ತು."

"ಒಬ್ಬ, ವಾರನ್. ನೀನೊಬ್ಬ ಆ ಕಡೆಯಿಂದ ಈ ಕಡೆ ಬಂದ್ರೆ ಸಾಕು."

ಅವನು ಚಮಚ ಕೆಳಗಿಟ್ಟ. "ನಾನು ಹುಟ್ಟಿದಾಗಿಂದ ಬೆಳಿಗ್ಗೆ ಎದ್ದು ಆ ನೀರು ನೋಡ್ತಿದೀನಿ. ಒಂದು ಮತ ಅಂತ ಅದನ್ನ ಬಿಟ್ಕೊಡ್ಲಾ? ನೀನು ನನ್ನ ಜಾಗದಲ್ಲಿದ್ರೆ ಬಿಡ್ತಿದ್ಯಾ?"

ಡಲ್ಸಿ ಸುಳ್ಳು ಹೇಳಲು ಬಾಯಿ ತೆರೆದಳು, ಆದರೆ ಬರಲಿಲ್ಲ. "ಇಲ್ಲ," ಎಂದಳು.

ಗಂಟೆಯಾಗುವ ಮುಂಚೆ ಪಿಕಪ್‌ಗಳು ಬಂದವು. ಅವಳು ಓಡಿದಳು. ಇಳಿದವರು ಹೋದವರಲ್ಲಿ ಅರ್ಧಕ್ಕಿಂತ ಕಮ್ಮಿ. ತಲೆಯಿಂದ ಕಾಲ ತನಕ ಒದ್ದೆ, ಮೈಯೆಲ್ಲ ಮೀನಿನ ಹುರುಪೆ.

"ಉಳಿದೋರು?"

"ಸಾಲು ಬಿಟ್ಟು ಬರೋಕಾಗ್ಲಿಲ್ಲ ಡಲ್ಸಿ. ಬಿಟ್ರೆ ಬಕೆಟ್‌ನಲ್ಲಿರೋವು ಸಾಯ್ತವೆ."

"ನನ್ನ ಗಂಡ ಎಲ್ಲಿ?" ಎಂದೆ ನಾನು.

"ಗಿಲ್‌ನಾ? ನಮ್ಮನ್ನ ಕರಿಯೋಕೆ ಅಂತಾನೇ ನೀರಿಗಿಳಿದ. ಅಲ್ಲೇ ಇದಾನೆ, ಸಾಲಿನ ನಡುವೆ."

ಅವರ ಹಿಂದೆಯೇ ಚರ್ಚಿನ ವ್ಯಾನು ಬಂತು. ಅದರ ಹಿಂದೆ ಕಾರುಗಳು. ಗಿರಣಿ ಕೆರೆ ರಸ್ತೆಯ ಜನ, ಊಟ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮುದುಕರ ಕೈ ಹಿಡಿದು ಇಳಿಸುತ್ತ, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು. ಬೆಳಿಗ್ಗೆ ಏನು ನಡೆಯಿತೆಂಬುದೂ ಅವರಿಗೆ ಗೊತ್ತಿರಲಿಲ್ಲ. ಒಬ್ಬ ಅಜ್ಜಿ ನನ್ನನ್ನು ಕೇಳಿದಳು, "ಕಟ್ಟೆ ಮಾತು ಶುರುವಾಗಿಲ್ಲ ತಾನೇ ಮಗಾ?" ಕಾರ್ಡು ಕೊಡುವವಳ ಮುಂದಿನ ಸಾಲು ರಸ್ತೆಯವರೆಗೂ ಬೆಳೆಯಿತು.

ಡಲ್ಸಿ ಆ ಸಾಲನ್ನು ಬಾಗಿಲಲ್ಲಿ ನಿಂತು ನೋಡಿದಳು. ಬೆಳಿಗ್ಗೆ ಬಲಗಡೆ ಈ ಜನರ ಕುರ್ಚಿಗಳೂ ಖಾಲಿಯಿದ್ದವೆಂಬುದು ಅವಳಿಗೆ ಆಗ ಹೊಳೆದಿರಬೇಕು. ಜಾಕೆಟ್ಟು ಹಾಸದ ಖಾಲಿ ಕುರ್ಚಿಗಳು. ಕಣ್ಣಿಗೆ ಬೀಳದಂಥವು.

ಮರುಮತ ಬೇಕೆನ್ನುವವರು ಎಂದಾಗ ಅವಳು ಕಾರ್ಡನ್ನು ಎಷ್ಟು ಎತ್ತರಕ್ಕೆ ಎತ್ತಿದಳೆಂದರೆ ಅಂಗಿಯ ಕಂಕುಳ ಹೊಲಿಗೆ ಪಟ್ಟೆಂದು ಬಿಚ್ಚಿತು. ಹಾಲಿಸ್‌ಗೆ ಈ ಸಲ ಎರಡೆರಡು ಸಲ ಕೂಡಬೇಕಾಗಲಿಲ್ಲ. ಎಷ್ಟು ಕಡಿಮೆಯೆಂದು ಕೂಡ ಓದಲಿಲ್ಲ. "ಬಿದ್ದಿದೆ," ಎಂದಷ್ಟೇ ಹೇಳಿ ಸುತ್ತಿಗೆ ಕುಟ್ಟಿದ. ಒಂದು ಸಭೆಯಲ್ಲಿ ಮರುಮತ ಒಂದೇ ಸಲ.

ಅವಳು ಎದ್ದು ಹೊರಗೆ ಬಂದಳು. ನಾನು ಚೌಡರ್ ಪಾತ್ರೆಯನ್ನು ಕಾರ್ಡು ಕೊಡುವವಳಿಗೆ ಒಪ್ಪಿಸಿ ಹಿಂದೆ ಬಂದೆ. ಪಾರ್ಕಿಂಗ್‌ನಲ್ಲಿ ತನ್ನ ಕಾರು ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ನನ್ನ ಕಾರಿಗೆ ಹತ್ತಿಸಿಕೊಂಡೆ.

"ಎಲ್ರೂ ನೋಡಿದ್ರಲ್ವಾ?" ಎಂದಳು ದಾರಿಯಲ್ಲಿ.

"ಯಾಕೆ ಎತ್ತಿದ್ದು ಅಂತ ಎಲ್ರಿಗೂ ಗೊತ್ತು."

"ಗೊತ್ತಿದ್ರೇನು. ಎತ್ತಿದ ಕೈ ನಂದೇ."

ನಾನು ಮತ್ತೇನೋ ಹೇಳಿದೆ. ಏನೆಂದು ನೆನಪಿಲ್ಲ, ಪ್ರಯೋಜನವಿಲ್ಲದ್ದು.

ಕಟ್ಟೆಯ ಹತ್ತಿರ ಗುಂಡಿಯಿಂದ ದಿಬ್ಬದ ಮೇಲಿನ ತನಕ ಜನ ಸಾಲಾಗಿ ನಿಂತಿದ್ದರು. ಬಕೆಟ್, ತೊಟ್ಟಿ, ಮಗುವಿನ ಸ್ನಾನದ ಟಬ್ಬು, ಒಬ್ಬನ ಕೈಯಲ್ಲಿ ಐಸ್ ಪೆಟ್ಟಿಗೆ. ಕೈಯಿಂದ ಕೈಗೆ ಮೀನು ಮೇಲೇರಿ ಗಿರಣಿ ಕೆರೆಗೆ ಬೀಳುತ್ತಿತ್ತು. ಅಲ್ಲಿಂದ ಉದ್ದಕೆರೆಗೆ ಅವಕ್ಕೇ ದಾರಿ ಗೊತ್ತು. ಗಿಲ್‌ನ ಏಪ್ರನ್ ಕೆಸರಾಗಿತ್ತು. ನೀರಹಕ್ಕಿಗಳು ಗುಂಡಿಯ ಅಂಚಿನಲ್ಲಿ ಗುಂಪುಗಟ್ಟಿ, ಹೊಟ್ಟೆ ತುಂಬಿ, ಹಾರಲೂ ಆಗದೆ ಕೂತಿದ್ದವು. ಗುಂಡಿಯ ಒಂದು ಬದಿ ಪೂರ್ತಿ ಬೆಳ್ಳಗಾಗಿತ್ತು. ಹೊಟ್ಟೆ ಮೇಲೆ ಮಾಡಿದ ಮೀನು.

ಸೋತದ್ದನ್ನು ಡಲ್ಸಿ ಹೇಳಬೇಕಾಗಿರಲಿಲ್ಲ. ಅವಳ ಮುಖವೇ ಹೇಳುತ್ತಿತ್ತು. ಸಭೆಗೆ ಹಾಕಿಕೊಂಡಿದ್ದ ಒಳ್ಳೆಯ ಷೂಗಳಲ್ಲೇ ಅವಳು ನೀರಿಗಿಳಿದು ಫಿಲಿಸ್‌ಳ ಪಕ್ಕ ನಿಂತಳು.

"ಎಷ್ಟು ಹೊತ್ತಿಂದ ನಿಂತಿದೀಯ?"

"ಗೊತ್ತಿಲ್ಲ ಡಲ್ಸಿ. ಕಾಲು ಇದೆಯೋ ಇಲ್ವೋ ಅದೂ ಗೊತ್ತಾಗ್ತಿಲ್ಲ," ಎಂದಳು ಫಿಲಿಸ್. "ನಮ್ಮೋರು ಗೆದ್ರಾ?"

"ಗೆದ್ರು."

ಫಿಲಿಸ್ ಮತ್ತೆ ಬಕೆಟ್ ಮುಳುಗಿಸಿದಳು.

ಸ್ವಲ್ಪ ಹೊತ್ತಿಗೆ ವಾರನ್ ಬಂದ. ದಂಡೆಯ ಮೇಲೆ ನಿಂತು, "ಸಾಕು ಬಾರೇ, ನ್ಯುಮೋನಿಯಾ ಬರುತ್ತೆ," ಎಂದು ಹೆಂಡತಿಯನ್ನು ಕರೆದ.

"ಬಾಯಿ ಮುಚ್ಕೊಂಡು ಇದನ್ನ ಹಿಡಿ," ಎಂದು ಅವಳು ಬಕೆಟ್ ಚಾಚಿದಳು. ಅವನು ಅತ್ತಿತ್ತ ನೋಡಿದ. ಆಮೇಲೆ ಹಿಡಿದ. ಎರಡು ಹೆಜ್ಜೆಗೆ ಅರ್ಧ ನೀರು ಚೆಲ್ಲಿದ.

"ನೆಟ್ಟಗೆ ಹಿಡಿಯೋ! ಮೊಟ್ಟೆ ಇರೋ ಹೆಣ್ಣು ಅದು!" ಎಂದು ಡಲ್ಸಿ ಕಿರುಚಿದಳು. ಆ ದನಿಗೆ ಅವನು ನಿಂತುಬಿಟ್ಟ. ಮತ್ತೆ ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು, ದಿಬ್ಬ ಹತ್ತಿದ. ವಾಪಸು ಬಂದು ಡಲ್ಸಿಗಿಂತ ಒಂದು ಹೆಜ್ಜೆ ಮೇಲೆ ನಿಂತು, ಕೇಳದೆಯೇ ಕೈ ಚಾಚಿದ.

"ಬರೋ ವರ್ಷ?" ಎಂದ, ತಗ್ಗಿದ ದನಿಯಲ್ಲಿ.

"ಬರೋ ವರ್ಷ ಏನು?"

"ಬರೋ ವರ್ಷವೂ ಹೀಗೆ ಹೊರಬೋದಲ್ಲ. ನಾನೂ ಬರ್ತೀನಿ."

ಡಲ್ಸಿ ಅವನನ್ನು ನೋಡಿದಳು. "ದಿನಾ ಹೊರಬೇಕು ವಾರನ್. ಹಗಲೂ ರಾತ್ರಿ. ತಿಂಗಳುಗಟ್ಟಲೆ. ವರ್ಷಾ ವರ್ಷಾ. ಮೊದಲ್ನೇ ವರ್ಷ ಎಲ್ರೂ ಬರ್ತಾರೆ."

ನಾನೂ ಅವನ ಮೇಲ್ಗಡೆ ಸಾಲು ಸೇರಿದ್ದೆ. ಸಾಲು ನಡೆಯುತ್ತಲೇ ಇತ್ತು. ಗುಂಡಿಯಲ್ಲಿ ಅಲ್ಲಾಡುವುದು ಕಡಿಮೆಯಾಗುತ್ತ ಬಂತು, ಬೆಳ್ಳಗಿನ ಬದಿ ಅಗಲವಾಗುತ್ತ ಬಂತು. ಡಲ್ಸಿ ಕೈಯಾಡಿಸಿ ಹುಡುಕಿ ಹುಡುಕಿ ತುಂಬುತ್ತಿದ್ದಳು. ಒಮ್ಮೆ ನನ್ನ ಕೈಗೆ ಬಂದ ಬಕೆಟ್ಟಿನಲ್ಲಿ ನೋಡಿದೆ. ಆರೇಳು ಮೀನು, ಒಂದೂ ಕಿವಿರು ಆಡಿಸುತ್ತಿರಲಿಲ್ಲ. ನಾನು ವಾರನ್ ಕಡೆ ನೋಡಿದೆ. ಅವನೂ ನೋಡಿದ್ದ. ಕೆಳಗೆ ಅವಳು ಆಗಲೇ ಇನ್ನೊಂದಕ್ಕೆ ಬಗ್ಗಿದ್ದಳು.

ನಾನು ಬಕೆಟ್ಟನ್ನು ಮೇಲಿನವರಿಗೆ ಕೊಟ್ಟೆ. ಅವರೂ ಬಗ್ಗಿ ನೋಡಿ, ನೀರು ತುಳುಕದ ಹಾಗೆ ಹುಷಾರಾಗಿ ಮುಂದಿನವರಿಗೆ ದಾಟಿಸಿದರು.